ಹೆಚ್ಚಿದ ಅಂಚೆವೆಚ್ಚದ ಹೊರೆ ಯಾರದು?

ಕೊಡುವುದು ಕೊಳ್ಳುವುದು ಮಾನವಜೀವನದಷ್ಟೇ ಪುರಾತನವಾದುದು. ಹಿಂದೆ ಮಾರುವವನೂ ಕೊಳ್ಳುವವನೂ ಸಂತೆಯಲ್ಲಿ ಎದುರುಬದುರಾಗಿ ಕುಳಿತು, ವಸ್ತುವನ್ನು ಕಣ್ಣಾರೆ ಕಂಡು, ಕೈಯಾರೆ ಮುಟ್ಟಿ, ಬೆಲೆಯನ್ನು ತೀರಿಸಿಕೊಂಡು ಏಳುತ್ತಿದ್ದರು. ಈಗಲಾದರೋ ಅಂಗೈಯಲ್ಲಿನ ಮೊಬೈಲಿನಲ್ಲಿಯೇ ಸಂತೆ ನೆರೆಯುತ್ತದೆ. ಮಾರುವವರು ಒಂದು ಊರಿನವರು, ಕೊಳ್ಳುವವರು ಮತ್ತೊಂದು ಊರಿನವರು. ಒಬ್ಬರ ಮುಖವನ್ನು ಮತ್ತೊಬ್ಬರು ಕಂಡುದಿಲ್ಲ. ಇಬ್ಬರ ನಡುವೆ ಸಾಗಿಸುವವನೆಂಬ ಮೂರನೆಯವನೊಬ್ಬನು ನಿಂತಿದ್ದಾನೆ. ಅವನು ಕೇಳುವ ಕೂಲಿಯು ಮೊದಲು ಎಣಿಸಿದುದಕ್ಕಿಂತ ಹೆಚ್ಚಾದಾಗ ಆ ಹೆಚ್ಚನ್ನು ತೆರಬೇಕಾದವರು ಯಾರು? ಮೊತ್ತವು ಅಲ್ಪವೇ ಇರಬಹುದು; ಆದರೆ ಧರ್ಮಾಧರ್ಮದ ವಿವೇಕವು ಅಲ್ಪದಲ್ಲಿ ತಪ್ಪಿದರೆ ಅಧಿಕದಲ್ಲಿ ನಿಲ್ಲಲಾರದು. ಆದುದರಿಂದ ಈ ಪ್ರಶ್ನೆಯು ವಿಚಾರಣೀಯವಾದುದು.

ಒಂದು ಪ್ರಸಂಗವನ್ನು ಭಾವಿಸಿಕೊಳ್ಳೋಣ. ವಿಜಯಪುರದ ಕಡೆಯ ಒಬ್ಬ ಗೃಹಿಣಿಯು ಖಡಕ್ ರೊಟ್ಟಿಗಳನ್ನು ಬಡಿದು, ಜೊತೆಗೆ ಶೇಂಗಾಚಟ್ನಿಯನ್ನಿಟ್ಟು, ಬೇಕೆಂದವರಿಗೆ ಕಳುಹಿಸಿಕೊಡುವ ಕಾಯಕವನ್ನು ಕೈಕೊಂಡಿದ್ದಾಳೆ. ಬೆಂಗಳೂರಿನ ಒಬ್ಬ ಗೃಹಸ್ಥನು ನೂರು ರೊಟ್ಟಿಗಳನ್ನು ಬೇಡಿ, ಬೆಲೆಯನ್ನೂ ಸಾಗಾಟದ ವೆಚ್ಚವೆಂದು ಅವಳು ಹೇಳಿದ 250 ರೂಪಾಯಿಗಳನ್ನೂ ಮುಂಗಡವಾಗಿಯೇ ಸಲ್ಲಿಸಿದ್ದಾನೆ. ತೂಕವು ಐದು ಕಿಲೋ. ಆದರೆ ರೊಟ್ಟಿ ಮುರಿಯಬಾರದೆಂದು ಅವಳು ದೊಡ್ಡ ಪೆಟ್ಟಿಗೆಯಲ್ಲಿ ಹುಲ್ಲುಕಾಗದಗಳನ್ನು ತುಂಬಿ ಕಟ್ಟಿದಳು. ಪೆಟ್ಟಿಗೆಯ ಉದ್ದ 40, ಅಗಲ 40, ಎತ್ತರ 30 ಸೆಂಟಿಮೀಟರು. ಸಾಗಾಟದ ಸಂಸ್ಥೆಗಳು ತೂಕವನ್ನು ಮಾತ್ರವಲ್ಲದೆ, ವಸ್ತುವು ವಾಹನದಲ್ಲಿ ಆಕ್ರಮಿಸುವ ಸ್ಥಳವನ್ನೂ ಗಣಿಸುತ್ತವೆ. ಉದ್ದ ಅಗಲ ಎತ್ತರಗಳನ್ನು ಗುಣಿಸಿ 5000ದಿಂದ ಭಾಗಿಸಿ ಬಂದುದನ್ನು ಕಿಲೋ ಎಂದು ಎಣಿಸುವುದು ಅನೇಕರಲ್ಲಿ ರೂಢಿಯಾಗಿದೆ. ಈ ಲೆಕ್ಕದಿಂದ ಐದು ಕಿಲೋದ ಆ ಪೆಟ್ಟಿಗೆಯು 9.6 ಕಿಲೋ ಆಯಿತು. ಎರಡು ದಿನಗಳ ತರುವಾಯ ಅವಳ ಲೆಕ್ಕದಿಂದ ಇನ್ನೂ 180 ರೂಪಾಯಿಗಳು ಕಡಿತವಾದವೆಂದಿಟ್ಟುಕೊಳ್ಳೋಣ. ಅವಳ ನಾಲ್ಕು ದಿನಗಳ ದುಡಿಮೆಯ ಲಾಭವೇ ಅಷ್ಟು. ಇದನ್ನು ಅವಳು ಆ ಗೃಹಸ್ಥನಿಂದ ಕೇಳಬಹುದೆ?

ಕೇಳಬಹುದೆಂಬುದು ಒಂದು ಪಕ್ಷ. ಅದರ ವಾದವಿಷ್ಟು: ವಸ್ತುವನ್ನು ಬಯಸಿದವನು ಅವನು, ಅವನ ಮನೆಯ ಬಾಗಿಲವರೆಗೆ ಅದು ಹೋದುದು ಅವನ ಸಲುವಾಗಿ, ಅಂಚೆಯ ಹಣದಲ್ಲಿ ಅವಳಿಗೆ ಚಿಕ್ಕಾಸಿನ ಲಾಭವೂ ಇಲ್ಲ, ಆದಕಾರಣ ನಿಜವಾಗಿ ತಗುಲಿದ ವೆಚ್ಚವನ್ನು ಅವನೇ ತೆರುವುದು ನ್ಯಾಯ. ಈ ವಾದದಲ್ಲಿ ಸತ್ಯದ ಅಂಶವಿಲ್ಲದೆ ಇಲ್ಲ. ಆದರೆ ಇದು ಒಂದು ಸಂಗತಿಯನ್ನು ಮರೆತಿದೆ. ಆ ಗೃಹಸ್ಥನು ಒಪ್ಪಿದುದು ರೊಟ್ಟಿಯನ್ನು ಮಾತ್ರವಲ್ಲ, ಹೇಳಿದ ಮೊತ್ತವನ್ನು. ಮೊತ್ತವು ಹೆಚ್ಚಾಗಿದ್ದರೆ ಅವನು ಬೇಡವೆನ್ನುತ್ತಿದ್ದನೋ, ಐವತ್ತು ರೊಟ್ಟಿ ಸಾಕೆನ್ನುತ್ತಿದ್ದನೋ ಬಲ್ಲವರಾರು? ಆ ಆಯ್ಕೆಯ ಕಾಲವು ಕಳೆದುಹೋದ ಮೇಲೆ ಹೊಸ ಮೊತ್ತವನ್ನು ಮುಂದಿಡುವುದೆಂದರೆ, ಅವನು ಒಪ್ಪದಿದ್ದ ಒಪ್ಪಂದವನ್ನು ಅವನ ತಲೆಯ ಮೇಲೆ ಹೊರಿಸಿದಂತಾಗುತ್ತದೆ.

ಇನ್ನೂ ಒಂದು ವಿಚಾರವಿದೆ. ಪೆಟ್ಟಿಗೆಯನ್ನು ಆರಿಸಿದವಳು ಅವಳು, ಅಳೆಯಬಲ್ಲವಳು ಅವಳು, ಸಾಗಿಸುವವನ ನಿಯಮವನ್ನು ಕೇಳಿ ತಿಳಿಯಬಲ್ಲವಳೂ ಅವಳೇ. ಕೊಳ್ಳುವವನಿಗೆ ಇವುಗಳಲ್ಲಿ ಯಾವುದೂ ಸಾಧ್ಯವಿರಲಿಲ್ಲ. ತಪ್ಪನ್ನು ತಡೆಯುವ ಶಕ್ತಿಯು ಯಾರಲ್ಲಿತ್ತೋ ತಪ್ಪಿನ ಫಲವೂ ಅವರಿಗೇ ಸಲ್ಲತಕ್ಕದ್ದು. ಲೋಕದ ಕಾನೂನೂ ಇದೇ ದಾರಿಯಲ್ಲಿ ನಡೆದಿದೆ. 1930ರ ಸರಕು ಮಾರಾಟ ಕಾಯಿದೆಯ 36ನೆಯ ಕಲಮು, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ವಸ್ತುವನ್ನು ಒಪ್ಪಿಸಲು ಯೋಗ್ಯವಾದ ಸ್ಥಿತಿಗೆ ತರುವ ವೆಚ್ಚವನ್ನು ಮಾರುವವನೇ ಹೊರಬೇಕೆಂದು ಹೇಳುತ್ತದೆ. ವಿದ್ಯುನ್ಮಾನ ವಾಣಿಜ್ಯದ ಬಗ್ಗೆ 2020ರಲ್ಲಿ ಹೊರಟ ಗ್ರಾಹಕ ಸಂರಕ್ಷಣಾ ನಿಯಮಗಳು, ಜಾಲದ ಮಾರುಕಟ್ಟೆಯಲ್ಲಿ ಮಾರುವವರು ಅಂಚೆ ಮತ್ತು ಸಾಗಾಟದ ವೆಚ್ಚಗಳೆಲ್ಲವನ್ನೂ ಬಿಡಿಸಿ ತೋರಿಸಿ, ಒಟ್ಟು ಬೆಲೆಯನ್ನು ಒಂದೇ ಅಂಕಿಯಲ್ಲಿ ಹೇಳಬೇಕೆಂದು ವಿಧಿಸಿವೆ. ಮೊದಲು ಕಡಿಮೆ ಹೇಳಿ ಅನಂತರ ಹನಿಹನಿಯಾಗಿ ಏರಿಸುವ ಪದ್ಧತಿಯನ್ನು 2023ರ ನವೆಂಬರಿನ ಮಾರ್ಗಸೂಚಿಯು ವಂಚನೆಯ ವಿನ್ಯಾಸಗಳಲ್ಲಿ ಒಂದೆಂದು ಎಣಿಸಿದೆ.

ಅಂಚೆಯ ಇತಿಹಾಸವೇ ಈ ವಿಷಯದಲ್ಲಿ ಒಂದು ಪಾಠವಾಗಿದೆ. ಇಂಗ್ಲೆಂಡಿನಲ್ಲಿ 1840ಕ್ಕೆ ಮುಂಚೆ ಬಹುಮಟ್ಟಿಗೆ ಕಾಗದವನ್ನು ಪಡೆದವನೇ ಅಂಚೆಯ ಹಣವನ್ನು ತೆರುತ್ತಿದ್ದನು. ರೋಲೆಂಡ್ ಹಿಲ್ ಎಂಬಾತನ ಪ್ರಯತ್ನದಿಂದ ಆ ವರ್ಷ ಚೀಟಿ ಹಚ್ಚಿ ಮುಂಗಡವಾಗಿ ತೆರುವ ಕ್ರಮವು ನೆಲೆಗೊಂಡಿತು. ನಮ್ಮ ದೇಶದಲ್ಲಿಯೂ 1854ರಲ್ಲಿ ದೂರವನ್ನೆಣಿಸದ ಏಕರೂಪದ ದರವೂ ಅಂಚೆಚೀಟಿಯೂ ಬಂದವು. ಚೀಟಿ ಸಾಲದೆ ಬಂದ ಕಾಗದಕ್ಕೆ ಬೇರಿಂಗ್ ಕಾಗದವೆಂದು ಹೆಸರು. ಹಿರಿಯರಿಗೆ ಇದು ನೆನಪಿದ್ದೀತು. 1898ರ ಅಂಚೆ ಕಾಯಿದೆಯ ಪ್ರಕಾರ ಅಂಥದನ್ನು ಸ್ವೀಕರಿಸಿದವನು ಬಾಕಿಯನ್ನು ತೆರಬೇಕಾಗಿತ್ತು. ಒಡೆಯದೆ ಕೂಡಲೇ ಹಿಂದಿರುಗಿಸಿದರೆ ಆ ಹೊರೆಯು ಕಳುಹಿಸಿದವನ ಮೇಲೆಯೇ ಬೀಳುತ್ತಿತ್ತು. 2023ರ ಹೊಸ ಕಾಯಿದೆಯು 2024ರ ಜೂನಿನಲ್ಲಿ ಜಾರಿಗೆ ಬಂದು ಹಳೆಯದು ರದ್ದಾಯಿತಾದರೂ ಅದರ ಒಳಗಿನ ವಿವೇಕವು ರದ್ದಾಗಿಲ್ಲ. ಮತ್ತೊಬ್ಬರ ಬಾಗಿಲನ್ನು ತಟ್ಟುವವನು ತಟ್ಟುವ ವೆಚ್ಚವನ್ನು ತಾನೇ ಹೊರಬೇಕೆಂಬುದೇ ಆ ವಿವೇಕ. ಬಾಗಿಲಲ್ಲಿ ಅಂಚೆಯವನು ನಿಂತು ಬಾಕಿ ಕೇಳಿದಾಗ, ವಸ್ತು ಕೈತಪ್ಪೀತೆಂಬ ಅಂಜಿಕೆಯಿಂದ ಕೊಳ್ಳುವವನು ಹಣ ಕೊಟ್ಟರೆ, ಅದನ್ನು ಅವನ ಒಪ್ಪಿಗೆಯೆಂದು ತಿಳಿಯಬಾರದು. ಮಾರಿದವರು ಅದನ್ನು ಅವನಿಗೆ ಮರಳಿಸುವುದೇ ಧರ್ಮ.

ಹಾಗಾದರೆ ಕೊಳ್ಳುವವನ ಮೇಲೆ ಯಾವ ಹೊರೆಯೂ ಇಲ್ಲವೆ? ಉಂಟು. ಮನೆಯ ವಿಳಾಸವನ್ನು ತಪ್ಪಾಗಿ ಬರೆದವನು, ಪೆಟ್ಟಿಗೆ ಹೊರಟ ಮೇಲೆ ಬೇರೆ ಊರಿಗೆ ಕಳುಹಿಸೆಂದವನು, ಬೇಡಿ ತರಿಸಿಕೊಂಡು ಸಕಾರಣವಿಲ್ಲದೆ ಬಾಗಿಲಿನಿಂದ ಮರಳಿಸಿದವನು, ಇವರೆಲ್ಲ ಹೋಗಿಬರುವ ವೆಚ್ಚಕ್ಕೆ ಹೊಣೆಗಾರರು. ‘ಹಣ ಆಮೇಲೆ’ ಎಂಬ ಸೌಕರ್ಯವನ್ನು ಬಳಸಿಕೊಂಡು, ಮನಸ್ಸು ತಿರುಗಿದೊಡನೆ ಪೆಟ್ಟಿಗೆಯನ್ನು ಹಿಂದಕ್ಕಟ್ಟುವವರು ಆ ಬಡಗೃಹಿಣಿಯ ಎರಡು ದಾರಿಯ ಕೂಲಿಯನ್ನು ತಿಳಿದೋ ತಿಳಿಯದೆಯೋ ಕಸಿದುಕೊಳ್ಳುತ್ತಾರೆ. ಮಾರುವವರ ತಪ್ಪನ್ನು ಎತ್ತಿ ಆಡುವ ನಾಲಗೆಯು ತನ್ನ ತಪ್ಪಿನ ಮುಂದೆ ಮೌನವಾಗುವುದು ಸಜ್ಜನರಿಗೆ ಸಲ್ಲದು.

ಇಬ್ಬರದೂ ತಪ್ಪಿಲ್ಲದ ಪ್ರಸಂಗವೂ ಉಂಟು. 2025ರ ಆಗಸ್ಟ್ 29ರಿಂದ ಅಮೆರಿಕವು, 800 ಡಾಲರುಗಳವರೆಗಿನ ಪಾರ್ಸೆಲುಗಳಿಗೆ ಇದ್ದ ಸುಂಕದ ವಿನಾಯಿತಿಯನ್ನು ಎಲ್ಲ ದೇಶಗಳಿಗೂ ನಿಲ್ಲಿಸಿತು. ಅಲ್ಲಿರುವ ಕನ್ನಡಿಗರೊಬ್ಬರು ಅದಕ್ಕೆ ಮುಂಚೆ ಇಳಕಲ್ ಸೀರೆಯೊಂದಕ್ಕೆ ಹಣ ಸಲ್ಲಿಸಿದ್ದು, ಸೀರೆಯು ಆ ದಿನದ ತರುವಾಯ ಸುಂಕದ ಕಟ್ಟೆಯನ್ನು ತಲಪಿತೆನ್ನಿ. ಇಲ್ಲಿ ಯಾರನ್ನು ದೂಷಿಸುವುದು? ಸುಂಕವೆಂಬುದು ಆಮದು ಮಾಡಿಕೊಳ್ಳುವ ದೇಶದ ಕರ. ಮಾರುವವರು ತಾವೇ ತೆರುವೆವೆಂದು ಮಾತು ಕೊಡದಿದ್ದರೆ ಪಡೆಯುವವರು ತೆರುವುದು ರೂಢಿ. ಆದರೂ ವಸ್ತುವು ಇನ್ನೂ ಹೊರಡದಿದ್ದರೆ, ಮಾರುವವರು ಮೊದಲು ತಿಳಿಸಿ, ಬೇಡವೆಂದರೆ ಹಣವನ್ನು ಮರಳಿಸಲು ಸಿದ್ಧರಿರಬೇಕು. ಹೊರಟು ಹೋಗಿದ್ದರೆ ಇಬ್ಬರೂ ಮಾತನಾಡಿ ಹಂಚಿಕೊಳ್ಳುವುದು ಲೇಸು. ವಿಧಿಯು ಹೊರಿಸಿದ ಹೊರೆಯನ್ನು ಒಬ್ಬನ ಹೆಗಲಿಗೇ ನೂಕುವುದರಲ್ಲಿ ಜಾಣತನವಿರಬಹುದು, ಸೌಜನ್ಯವಿರಲಾರದು.

ಇನ್ನು ಈ ವಿಚಾರದ ತಿರುಳಿಗೆ ಬರೋಣ. ಅಂಚೆವೆಚ್ಚವು ಒಮ್ಮೆ ಹೆಚ್ಚಾಗುವಂತೆ ಮತ್ತೊಮ್ಮೆ ಕಡಿಮೆಯೂ ಆಗುತ್ತದೆ. 250 ರೂಪಾಯಿ ಪಡೆದು 190ರಲ್ಲಿ ಸಾಗಿಸಿದ ದಿನಗಳೂ ಇರುತ್ತವೆ. ಆ 60 ರೂಪಾಯಿ ಯಾರದು? ಹೆಚ್ಚಾದಾಗ ‘ನಿಜವಾಗಿ ತಗುಲಿದ ವೆಚ್ಚ’ ಎಂದು ಕೈಯೊಡ್ಡುವವರು, ಕಡಿಮೆಯಾದಾಗ ಅದೇ ಮಾತನ್ನು ನೆನೆದು ಉಳಿಕೆಯನ್ನು ಮರಳಿಸುತ್ತಾರೆಯೆ? ಇಲ್ಲಿಯೇ ಅಂತರಂಗದ ತಕ್ಕಡಿಯು ಪರೀಕ್ಷೆಗೆ ಒಳಗಾಗುತ್ತದೆ. ಪ್ರಾಮಾಣಿಕವಾದ ದಾರಿಗಳು ಎರಡೇ. ಒಂದು, ಗೊತ್ತಾದ ಮೊತ್ತವನ್ನು ಹೇಳಿ, ಲಾಭವನ್ನೂ ನಷ್ಟವನ್ನೂ ತಾನೇ ಹೊರುವುದು. ಮತ್ತೊಂದು, ತಗುಲಿದಷ್ಟೇ ಪಡೆಯುವೆನೆಂದು ಮೊದಲೇ ತಿಳಿಸಿ, ಹೆಚ್ಚನ್ನು ಕೇಳುವಂತೆ ಉಳಿಕೆಯನ್ನೂ ಕೊಡುವುದು. ಇವೆರಡರಲ್ಲಿ ಯಾವುದನ್ನು ಹಿಡಿದರೂ ದೋಷವಿಲ್ಲ. ಉಳಿದುದು ನನಗೆ, ಸಾಲದುದು ನಿನಗೆ ಎಂಬ ಮೂರನೆಯ ದಾರಿಯೊಂದೇ ಅಧರ್ಮದ್ದು. ಲೋಕದಲ್ಲಿ ಹೆಚ್ಚು ಜನ ಅರಿಯದೆ ನಡೆಯುವುದೂ ಅದರಲ್ಲಿಯೇ.

ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಅರಿಯದ ಶರಣಕುಟುಂಬವಿಲ್ಲ. ಕಲ್ಯಾಣದಲ್ಲಿ ಬಸವಣ್ಣನವರ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಆಕೆಯ ಪತಿ ಮಾರಯ್ಯನ ಕಾಯಕ. ಒಂದು ದಿನ ಆತನು ನಿತ್ಯದ ಅಳತೆಗಿಂತ ಹೆಚ್ಚು ತಂದಾಗ, ಆ ಸತಿಯು ಹಿಗ್ಗದೆ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರಬೇಕೆಂದಳು. ಅದು ಕಳವಿನ ಅಕ್ಕಿಯಲ್ಲ. ಯಾರೂ ಆಕ್ಷೇಪಿಸಿರಲೂ ಇಲ್ಲ. ಆದರೂ ತಮ್ಮ ಕಾಯಕದ ಅಳತೆಯನ್ನು ಮೀರಿದುದು ತಮ್ಮದಲ್ಲವೆಂಬ ಅರಿವು ಆಕೆಗಿತ್ತು. ಯಾರೂ ಲೆಕ್ಕ ಕೇಳದ ಆ 60 ರೂಪಾಯಿಯೂ ಇಂಥದೇ ಅಕ್ಕಿಯಲ್ಲವೆ?

ಇಲ್ಲಿ ಒಂದು ಶಂಕೆ ಉಳಿಯುತ್ತದೆ. ಮಾರುವವಳು ಬಡವಳು, ಕೊಳ್ಳುವವನು ಉಳ್ಳವನು. 180 ರೂಪಾಯಿ ಅವಳಿಗೆ ನಾಲ್ಕು ದಿನದ ದುಡಿಮೆ, ಅವನಿಗೆ ಒಂದು ಹೊತ್ತಿನ ಉಪಾಹಾರ. ಆಗಲೂ ಅವಳೇ ಹೊರಬೇಕೆನ್ನುವುದು ಕಠೋರವಲ್ಲವೆ? ಅದಕ್ಕೆ ಸಮಾಧಾನವೇನೆಂದರೆ, ಋಣವೇ ಬೇರೆ, ಔದಾರ್ಯವೇ ಬೇರೆ. ಅವನು ಋಣಿಯಲ್ಲ, ಆದುದರಿಂದ ಅವಳು ಹಕ್ಕಿನಿಂದ ಕೇಳಲಾಗದು. ಆದರೆ ಸಂಗತಿ ತಿಳಿದ ಮೇಲೆ ತಾನಾಗಿ ಕೊಡುವುದನ್ನು ಯಾರು ಬೇಡವೆಂದರು? ಅವಳು ‘ಅಳತೆ ತಪ್ಪಿದೆ, ನಷ್ಟ ನನ್ನದು, ಮುಂದಿನ ಸಲ ದರವು ಇಷ್ಟಾಗುವುದು’ ಎಂದು ನೇರವಾಗಿ ತಿಳಿಸಲಿ. ಅವನು ‘ತಾಯೀ, ನಿಮ್ಮ ರೊಟ್ಟಿ ಮುರಿಯದೆ ಬಂದುದು ಆ ದೊಡ್ಡ ಪೆಟ್ಟಿಗೆಯಿಂದಲೇ ಅಲ್ಲವೆ’ ಎಂದು ಅರ್ಧವನ್ನಾದರೂ ಕಳುಹಿಸಲಿ. ಕೇಳದೆ ಕೊಟ್ಟ 90 ರೂಪಾಯಿಯು, ಕೇಳಿ ಪಡೆದ 180ಕ್ಕಿಂತ ಇಬ್ಬರ ಮನೆಯಲ್ಲಿಯೂ ಹೆಚ್ಚು ದಿನ ಬಾಳುತ್ತದೆ.

ಮಾರುವ ಕಾಯಕವನ್ನು ಕೈಕೊಂಡವರು ಪೆಟ್ಟಿಗೆಯನ್ನು ಕಟ್ಟುವ ಮುಂಚೆ ಅಳೆಯಲಿ, ದರವನ್ನು ಹೇಳುವ ಮುಂಚೆ ವಿಚಾರಿಸಲಿ, ಹೇಳಿದ ಮೇಲೆ ನಿಲ್ಲಲಿ. ಕೊಳ್ಳುವವರು ವಿಳಾಸವನ್ನು ಸರಿಯಾಗಿ ಬರೆಯಲಿ, ಬೇಡಿದುದನ್ನು ಸ್ವೀಕರಿಸಲಿ, ಕಾಣದ ಕೈಗಳ ಬೆವರನ್ನು ನೆನೆಯಲಿ. ಮುಖ ಕಾಣದ ಈ ಸಂತೆಯಲ್ಲಿ ಮಾತೊಂದೇ ಮುಖ. ಅದು ಮಾಸದಂತೆ ನೋಡಿಕೊಳ್ಳುವುದು ಇಬ್ಬರ ಕಾಯಕವೂ ಹೌದು.