ಕೊನೆಯ ಹನಿಯವರೆಗೂ

2022ರ ಮಾರ್ಚಿನಲ್ಲಿ ನಮ್ಮ ಬೀದಿಯ ಕಿರಾಣಿ ಅಂಗಡಿಯಲ್ಲಿ ಸೂರ್ಯಕಾಂತಿ ಎಣ್ಣೆ ಮನೆಗೆ ಎರಡೇ ಪ್ಯಾಕೆಟ್ಟು ಎಂದಾಗಿತ್ತು. ಮೂಲೆಯ ಬಜ್ಜಿ ಗಾಡಿಯಾಕೆ ಸಂಜೆ ಬಾಂಡಲಿಗೆ ಎಣ್ಣೆ ಸುರಿದ ಮೇಲೂ ಪ್ಯಾಕೆಟ್ಟನ್ನು ತಲೆಕೆಳಗಾಗಿ ಹಿಡಿದು, ಬೆರಳಲ್ಲಿ ಸವರಿ, ಕೊನೆಯ ಹನಿ ಬೀಳುವವರೆಗೂ ಕಾಯುತ್ತಿದ್ದಳು. ಯುದ್ಧ ನಡೆಯುತ್ತಿದ್ದುದು ಉಕ್ರೇನಿನಲ್ಲಿ.

ನಾವು ತರಿಸಿಕೊಳ್ಳುತ್ತಿದ್ದ ಸೂರ್ಯಕಾಂತಿ ಎಣ್ಣೆಯಲ್ಲಿ ಹತ್ತಕ್ಕೆ ಏಳರಷ್ಟು ಆಗ ಅಲ್ಲಿಯದು. ಉಳಿದುದರಲ್ಲಿ ಹೆಚ್ಚಿನದು ರಷ್ಯಾದ್ದು. ಫೆಬ್ರವರಿ 24ಕ್ಕೆ ಯುದ್ಧ ಶುರುವಾಗಿ ಉಕ್ರೇನಿನ ಕಪ್ಪು ಸಮುದ್ರದ ಬಂದರುಗಳು ಮುಚ್ಚಿದವು. ತಾಳೆ ಎಣ್ಣೆಯಾದರೂ ಇದೆಯಲ್ಲ ಎಂದುಕೊಳ್ಳುವಷ್ಟರಲ್ಲಿ, ಏಪ್ರಿಲ್ 28ರಿಂದ ಇಂಡೊನೇಷ್ಯಾ ಅದರ ರಫ್ತನ್ನೇ ನಿಲ್ಲಿಸಿತು. ಮತ್ತೆ ಬಿಟ್ಟದ್ದು ಮೂರು ವಾರ ಕಳೆದ ಮೇಲೆ. ಕೇಂದ್ರ ಸರ್ಕಾರ ವರ್ಷಕ್ಕೆ 20 ಲಕ್ಷ ಟನ್ ಕಚ್ಚಾ ಸೂರ್ಯಕಾಂತಿ ಎಣ್ಣೆಗೆ ಸುಂಕ ಮನ್ನಾ ಮಾಡಿತು. ರಷ್ಯಾ, ಅರ್ಜೆಂಟೀನಾಗಳ ಹಡಗುಗಳು ಬಂದವು. ಬೆಲೆ ಇಳಿಯಿತು. ಪೂರೈಕೆಯ ಸರಪಳಿ ತಡೆದುಕೊಂಡಿತೆಂದು ಎಲ್ಲರಿಗೂ ನೆಮ್ಮದಿ, ನನಗೂ.

ಕಾಡುವುದು ಮರುವರ್ಷದ ಸಂಗತಿ. 2023ರ ಜೂನಿನಲ್ಲಿ ಹರಿಯಾಣದ ಕುರುಕ್ಷೇತ್ರದ ಬಳಿ ರೈತರು ಹೆದ್ದಾರಿ ತಡೆದು ಕೂತರು. ಅವರು ಬೆಳೆದದ್ದೂ ಸೂರ್ಯಕಾಂತಿಯೇ. ಬೆಂಬಲ ಬೆಲೆ ಕ್ವಿಂಟಲಿಗೆ 6,400 ರೂಪಾಯಿ. ಮಂಡಿಯಲ್ಲಿ ಸಿಗುತ್ತಿದ್ದುದು ಅದಕ್ಕಿಂತ ಎಷ್ಟೋ ಕಡಿಮೆ. ಸುಂಕವಿಲ್ಲದ ಹೊರಗಿನ ಎಣ್ಣೆ ಅಗ್ಗವಾಗಿ ಸಿಗುತ್ತಿದ್ದಾಗ, ಹಿಂದಿನ ವರ್ಷ ಹನಿಹನಿಗೂ ಪರದಾಡಿದ ದೇಶದಲ್ಲಿ ಬೀಜ ಕೇಳುವವರಿರಲಿಲ್ಲ.

ಇದು ನಮಗೂ ದೂರದ ಕತೆಯಲ್ಲ. ಸೂರ್ಯಕಾಂತಿ ಬೆಳೆಯುವ ರಾಜ್ಯಗಳಲ್ಲಿ ಕರ್ನಾಟಕ ಇಂದಿಗೂ ಮುಂಚೂಣಿಯಲ್ಲಿದೆ. ಆದರೆ ರಾಯಚೂರು, ಕೊಪ್ಪಳ, ಬಳ್ಳಾರಿಯ ಕಡೆ ರಸ್ತೆಯ ಎರಡೂ ಬದಿಗೆ ಹಳದಿಯೋ ಹಳದಿಯಾಗಿದ್ದ ಕಾಲ ಹೋಯಿತು. ರೋಗ ಬಂತು, ಬೆಲೆ ಕೈಕೊಟ್ಟಿತು, ಎಷ್ಟೋ ಮಂದಿ ಮೆಕ್ಕೆಜೋಳಕ್ಕೆ ಹೊರಳಿದರು. ಅವರದು ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ. ಉಕ್ರೇನ್ ಇಲ್ಲದಿದ್ದರೆ ಅರ್ಜೆಂಟೀನಾ ಎಂದು ಹಡಗು ಹುಡುಕುವುದು ಬೇಕು ನಿಜ, ಆದರೆ ಸರಪಳಿಯ ಮೊದಲ ಕೊಂಡಿ ನಮ್ಮ ಹೊಲದಲ್ಲೇ ತುಕ್ಕು ಹಿಡಿದಿದೆ.

ತೆನೆ ಬಲಿಯುವ ಹೊತ್ತಿಗೆ ಗಿಳಿಗಳು ಹಿಂಡುಹಿಂಡಾಗಿ ಬರುತ್ತವೆ. ಬೆಳಕು ಹರಿಯುವ ಮುಂಚೆಯೇ ಹೊಲದಲ್ಲಿ ಯಾರೋ ತಗಡಿನ ಡಬ್ಬ ಬಡಿಯುತ್ತಿರುತ್ತಾರೆ. ಆಯಾ ವರ್ಷ ಹೊರಗಿನ ಎಣ್ಣೆಗೆ ಸುಂಕ ಎಷ್ಟೆಂದು ಬಿತ್ತುವ ಮೊದಲೇ ಅವರಿಗೆ ಹೇಳಬೇಕು.