ತಂಟೆ ತಕರಾರಿಲ್ಲದ ನೆಲ

ನಮ್ಮ ಹಳೆಯ ಕ್ರಯಪತ್ರಗಳನ್ನು ಓದಿದವರಿಗೆ ಅವುಗಳ ಭಾಷೆಯ ಗಾಂಭೀರ್ಯ ಗೊತ್ತು. ಚಕ್ಕುಬಂದಿ ಹೇಳಿ, ಅಷ್ಟಭೋಗಗಳನ್ನು ಒಪ್ಪಿಸಿ, ಈ ಸ್ವತ್ತಿನ ಮೇಲೆ ಯಾರ ತಂಟೆ ತಕರಾರೂ ಇಲ್ಲವೆಂದು ಮಾರುವವನು ಬರೆದುಕೊಡುತ್ತಾನೆ. ಊರಿನಲ್ಲಾದರೆ ಆ ಮಾತು ನಿಜವೇ ಎಂದು ನೆರೆಹೊರೆಯವರನ್ನು ವಿಚಾರಿಸಬಹುದು. ಪರದೇಶದಲ್ಲಿ ಯಾರನ್ನು ಕೇಳುವುದು? ಒಳ್ಳೆಯ ವಕೀಲನನ್ನು ಹಿಡಿ, ನೋಂದಣಿ ಪುಸ್ತಕ ನೋಡು, ದಲ್ಲಾಳಿಯ ಮಾತಿಗೆ ಮರುಳಾಗಬೇಡ ಎನ್ನುತ್ತಾರೆ ಬಲ್ಲವರು. ಸರಿಯಾದ ಬುದ್ಧಿಮಾತೇ. ಆದರೆ ಇದೆಲ್ಲ ಕೊಳ್ಳುವವನ ಹಣದ ಕ್ಷೇಮವಾಯಿತು. ಆ ನೆಲದಲ್ಲಿ ಹಿಂದೆ ಬಾಳಿದವರ ಸುದ್ದಿ ಇದರಲ್ಲಿ ಎಲ್ಲಿಯೂ ಬರುವುದಿಲ್ಲ.

ಲಂಡನ್ನಿನಲ್ಲಿರುವ ನನ್ನ ಹಳೆಯ ಶಿಷ್ಯನೊಬ್ಬ, ಉತ್ತರ ಸೈಪ್ರಸ್ಸಿನಲ್ಲಿ ಕಡಲ ತೀರದ ಮನೆಯೊಂದು ಅಗ್ಗಕ್ಕೆ ಸಿಗುತ್ತದೆ, ಕೊಳ್ಳಬಹುದೆ ಎಂದು ಕೇಳಿದ. ಕನ್ನಡ ಮೇಷ್ಟರನ್ನು ಕೇಳುವ ಪ್ರಶ್ನೆಯಲ್ಲ. ಆದರೂ ಆ ದ್ವೀಪದ ಕಥೆಯನ್ನು ಓದಿ ನೋಡಿದೆ.

1974ರ ಜುಲೈಯಲ್ಲಿ ಗ್ರೀಸಿನ ಸೈನಿಕ ಸರ್ಕಾರದ ಬೆಂಬಲದಿಂದ ಅಲ್ಲಿ ಕ್ರಾಂತಿ ನಡೆದ ಐದೇ ದಿನಕ್ಕೆ ತುರ್ಕಿಯ ಸೈನ್ಯ ಬಂದಿಳಿಯಿತು. ದ್ವೀಪ ಎರಡಾಯಿತು. ಉತ್ತರದಲ್ಲಿದ್ದ ಗ್ರೀಕರು ಲಕ್ಷಕ್ಕೂ ಮಿಕ್ಕಿ ದಕ್ಷಿಣಕ್ಕೆ ಓಡಿದರು. ದಕ್ಷಿಣದ ತುರ್ಕರು ಹತ್ತಾರು ಸಾವಿರ ಮಂದಿ ಉತ್ತರ ಸೇರಿದರು. ಬಿಟ್ಟುಹೋದ ನೆಲಮನೆಗಳಿಗೆ ಉತ್ತರದ ಆಡಳಿತ ಹೊಸ ಹಕ್ಕುಪತ್ರ ಬರೆದುಕೊಟ್ಟಿತು. 1983ರಲ್ಲಿ ಸ್ವತಂತ್ರ ರಾಜ್ಯವೆಂದು ತನ್ನನ್ನು ಸಾರಿಕೊಂಡ ಆ ಆಡಳಿತವನ್ನು ತುರ್ಕಿಯ ಹೊರತು ಇಂದಿಗೂ ಯಾವ ದೇಶವೂ ಮನ್ನಿಸಿಲ್ಲ.

2002ರಲ್ಲಿ ಬ್ರಿಟಿಷ್ ದಂಪತಿಗಳು ಅಲ್ಲಿನ ಲಪಿಥೋಸ್ ಎಂಬ ಊರಿನಲ್ಲಿ ನೆಲ ಕೊಂಡು ಮನೆ ಕಟ್ಟಿದರು, ಈಜುಕೊಳವನ್ನೂ ತೋಡಿಸಿದರು. ಮರುವರ್ಷ ಗಡಿ ತೆರೆಯಿತು. ನೆಲದ ಹಳೆಯ ಒಡೆಯ ಮೊಕದ್ದಮೆ ಹೂಡಿದ. ಕಟ್ಟಿದ್ದನ್ನು ಕೆಡವಿ ನೆಲ ಬಿಟ್ಟುಕೊಡಿ, ಪರಿಹಾರ ತೆರಿ ಎಂದು 2004ರಲ್ಲಿ ದಕ್ಷಿಣದ ನ್ಯಾಯಾಲಯ ಹೇಳಿತು. ಗಡಿಯಾಚೆ ಆ ತೀರ್ಪು ನಡೆಯುವಂತಿರಲಿಲ್ಲ. ಆದರೆ ಬ್ರಿಟನ್ ಆಗ ಯುರೋಪಿನ ಒಕ್ಕೂಟದಲ್ಲಿತ್ತು. 2009ರಲ್ಲಿ ಒಕ್ಕೂಟದ ನ್ಯಾಯಾಲಯವೂ 2010ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯವೂ ತೀರ್ಪನ್ನು ಎತ್ತಿಹಿಡಿದು, ಅದನ್ನು ಇಂಗ್ಲೆಂಡಿನಲ್ಲಿಯೇ ಜಾರಿಮಾಡಬಹುದೆಂದವು. ದೂರದ ನೆಲದ ಬಾಕಿ ತಾಯ್ನಾಡಿನ ಮನೆಬಾಗಿಲಿಗೆ ಬಂದು ನಿಂತಿತು.

"ನಾವು ಹಣ ಕೊಟ್ಟೆವು, ಪತ್ರ ಪಡೆದೆವು, ಯಾರನ್ನೂ ಓಡಿಸಲಿಲ್ಲವಲ್ಲ?" ಎಂದು ಅಂಥವರು ಕೇಳಬಹುದು. ಈ ಮಾತನ್ನು ಹಗುರವಾಗಿ ತಳ್ಳಿಹಾಕಲಾರೆ. ಭೂಮಿಯನ್ನು ಅಪಹರಿಸಿದವನು ಅರುವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುತ್ತಾನೆಂದು ನಮ್ಮ ದಾನಶಾಸನಗಳು ಶಪಿಸುತ್ತವೆ. ಅಪಹರಿಸಿದವನಿಗೆ ದುಡ್ಡು ಕೊಟ್ಟು ಕೊಂಡವನ ಗತಿಯೇನೆಂದು ಹೇಳುವುದಿಲ್ಲ. (ಶಾಸನ ಬರೆದವರಿಗೆ ದಲ್ಲಾಳಿಗಳ ಪರಿಚಯ ಸಾಲದು.) ಆದರೆ ಉತ್ತರ ಸೈಪ್ರಸ್ಸಿನಲ್ಲಿ, ಮೊದಲಿನಿಂದ ತುರ್ಕರದೇ ಆಗಿದ್ದ ನೆಲಕ್ಕೆ ಒಂದು ಬೆಲೆ, ಗ್ರೀಕರು ಬಿಟ್ಟುಹೋದದ್ದಕ್ಕೆ ಅದಕ್ಕಿಂತ ಕಡಮೆ ಬೆಲೆ. ತಕರಾರು ಬೆಲೆಯಲ್ಲಿಯೇ ಬರೆದಿದೆ. ಅಗ್ಗವನ್ನು ಸ್ವೀಕರಿಸಿ ಅದರ ಕಾರಣವನ್ನು ಮಾತ್ರ ಅರಿಯೆನೆಂದರೆ ನಾನು ಹೇಗೆ ನಂಬಲಿ? ಶಿಷ್ಯನಿಗೆ ಬೇಡವೆಂದೇ ಬರೆದೆ.

ದಕ್ಷಿಣದಲ್ಲಿ ಮನೆ ಕಳೆದುಕೊಂಡು ಬಂದ ತುರ್ಕನ ವಿಚಾರ ಬೇರೆ. ಅವನಿಗೆ ಹಂಚಿಕೊಟ್ಟ ಮನೆಯಲ್ಲಿ ಈಗ ಮೊಮ್ಮಕ್ಕಳು ಹುಟ್ಟಿದ್ದಾರೆ. ಹಳೆಯ ಅನ್ಯಾಯವನ್ನು ಸರಿಪಡಿಸಹೋಗಿ ಹೊಸ ಅನ್ಯಾಯ ಮಾಡಬಾರದೆಂಬ ಅರ್ಥದ ಮಾತನ್ನು ಸ್ಟ್ರಾಸ್‌ಬರ್ಗಿನ ಮಾನವ ಹಕ್ಕುಗಳ ನ್ಯಾಯಾಲಯ 2010ರಲ್ಲಿ ಆಡಿದ್ದು ಇಂಥವರನ್ನು ನೆನೆದೇ ಇರಬೇಕು. ಆ ಮನೆಯಿಂದ ಎಬ್ಬಿಸಿದರೆ ಅವರು ಹೋಗುವುದಾದರೂ ಎಲ್ಲಿಗೆ? ಬಿಸಿಲು ಕಾಯಿಸಲೆಂದು ಕೊಂಡವರಿಗೆ ಇಂಗ್ಲೆಂಡಿನಲ್ಲಿ ಇನ್ನೊಂದು ಮನೆಯಿತ್ತು.