ಅರಮನೆಯ ಉಪ್ಪು, ಫಿರಿಶ್ತಾನ ಲೇಖನಿ

ಹುಬ್ಬಳ್ಳಿಯಿಂದ ಹಾವೇರಿಯ ಕಡೆ ಹೊರಟವರಿಗೆ ದಾರಿಯಲ್ಲಿ ಬಂಕಾಪುರ ಸಿಗುತ್ತದೆ. ಅಲ್ಲಿನ ಹಳೆಯ ಕೋಟೆ ಈಗ ನವಿಲುಗಳ ಧಾಮ. ವಿಜಯನಗರದ ಒಂದನೇ ದೇವರಾಯ ತನ್ನ ಮಗಳನ್ನು ಬಹಮನಿ ಸುಲ್ತಾನ ಫಿರೋಜ್ ಶಾಹನಿಗೆ ಕೊಟ್ಟು, ಬಂಕಾಪುರವನ್ನು ಬಳುವಳಿಯಾಗಿ ಬಿಟ್ಟುಕೊಟ್ಟನೆಂಬ ಕಥೆ ಇದೆ. ಹಾಗೆಂದು ಬರೆದವನು ಮುಹಮ್ಮದ್ ಖಾಸಿಂ ಫಿರಿಶ್ತಾ. ಆ ಮದುವೆ ನಿಜವೇ ಎಂದು ಅನುಮಾನಿಸುವ ಇತಿಹಾಸಕಾರರೂ ಇದ್ದಾರೆ.

ಫಿರಿಶ್ತಾ ಇರಾನಿನ ಅಸ್ತರಾಬಾದಿನಲ್ಲಿ ಹುಟ್ಟಿ, ತಂದೆಯೊಂದಿಗೆ ಅಹ್ಮದ್‌ನಗರಕ್ಕೆ ಬಂದವನು. ಅಲ್ಲಿಯ ಅರಮನೆಯ ರಕ್ತಪಾತದಲ್ಲಿ ಜೀವ ಉಳಿಸಿಕೊಂಡು 1589ರಲ್ಲಿ ಬಿಜಾಪುರ ಸೇರಿದ. ಎರಡನೇ ಇಬ್ರಾಹಿಂ ಆದಿಲ್ ಶಾಹ ಅವನಿಗೆ ಇತಿಹಾಸ ಬರೆಯಲು ಹೇಳಿದ. ಸುಳ್ಳು, ಮುಖಸ್ತುತಿ ಬೇಡವೆಂದೂ ಸುಲ್ತಾನ ಹೇಳಿದ್ದನಂತೆ. ಗ್ರಂಥದ ಹೆಸರು ಮಾತ್ರ ‘ಗುಲ್ಶನೆ ಇಬ್ರಾಹೀಮಿ’, ಇಬ್ರಾಹಿಮನ ಹೂದೋಟ! ಉಪ್ಪುಂಡ ಮನೆಯ ಋಣ ಅಷ್ಟು ಸುಲಭವಾಗಿ ಬಿಡುವುದಿಲ್ಲ.

ಆ ಋಣ ಎಲ್ಲಿ ಕಾಣುತ್ತದೆ? ನಮಗೆ ಕಾಣುವುದು ಅಂಕಿಗಳಲ್ಲಿ. ಬಹಮನಿಯ ಒಂದನೇ ಮುಹಮ್ಮದ್ ಶಾಹ 1366ರ ಸುಮಾರಿಗೆ ವಿಜಯನಗರದೊಂದಿಗೆ ಯುದ್ಧಕ್ಕಿಳಿದ. ಅವನ ಆಳ್ವಿಕೆಯಲ್ಲಿ ಐದು ಲಕ್ಷ ಹಿಂದೂಗಳು ಹತರಾದರೆಂದು ಫಿರಿಶ್ತಾ ಬರೆಯುತ್ತಾನೆ. ಘಟನೆಗೂ ಬರಹಕ್ಕೂ ನಡುವೆ ಎರಡು ಶತಮಾನಕ್ಕೂ ಹೆಚ್ಚಿನ ಅಂತರ. ಹೆಣ ಎಣಿಸಿದವರಾರು? ಸುಲ್ತಾನನ ಪರಾಕ್ರಮ ಹಿಗ್ಗಿಸಲು ಸೊನ್ನೆಗಳು ಸೇರಿಕೊಂಡವೆಂದೇ ನಮ್ಮ ಅನುಮಾನ. ಅಂದು ಹೊಗಳಿಕೆಯಾಗಿ ಬರೆದದ್ದನ್ನು ಇಂದು ಆರೋಪಪಟ್ಟಿಯಾಗಿ ಓದಲಾಗುತ್ತಿದೆ. 1829ರಲ್ಲಿ ಜಾನ್ ಬ್ರಿಗ್ಸ್‌ನ ಇಂಗ್ಲಿಷ್ ಅನುವಾದ ಪ್ರಕಟವಾದ ಮೇಲಂತೂ ಈ ಅಂಕಿಗಳು ದೂರದೂರ ಹರಡಿದವು. ಅದನ್ನು ಹಿಡಿದುಕೊಂಡು ಹಳೇಹುಬ್ಬಳ್ಳಿಯಲ್ಲಿ ಪಂಕ್ಚರ್ ಹಾಕುವ ಹುಡುಗನ ಬಳಿ ಲೆಕ್ಕ ಕೇಳುವುದು ಯಾವ ನ್ಯಾಯ?

ಹಾಗೆಂದು ಎಲ್ಲವೂ ಉತ್ಪ್ರೇಕ್ಷೆಯೆಂದು ನಾವು ಕೈತೊಳೆದುಕೊಳ್ಳುವಂತಿಲ್ಲ. ಅಂಕಿ ಉಬ್ಬಿದ್ದರೂ ಕೊಲೆ ಕೊಲೆಯೇ. ನಿರಪರಾಧಿಗಳೂ ಸತ್ತರೆಂಬುದನ್ನು ಫಿರಿಶ್ತಾ ಮುಚ್ಚಿಟ್ಟಿಲ್ಲ. ಸ್ವಧರ್ಮದ ಸುಲ್ತಾನನೆಂದು ಅದನ್ನು ಸಮರ್ಥಿಸುವ ಅಗತ್ಯ ನಮಗೇಕೆ?

ಅದೇ ಯುದ್ಧದ ಕೊನೆಯಲ್ಲಿ ಫಿರಿಶ್ತಾ ಇನ್ನೊಂದು ಸಂಗತಿ ದಾಖಲಿಸುತ್ತಾನೆ. ಐದು ಲಕ್ಷವನ್ನು ಉದ್ಧರಿಸುವವರು ಇದನ್ನು ಉದ್ಧರಿಸಿದ್ದು ನಾವು ಕಂಡಿಲ್ಲ. ಸಂಧಿಗೆಂದು ಬಂದ ವಿಜಯನಗರದ ರಾಯಭಾರಿಗಳು ಸುಲ್ತಾನನೆದುರು ನಿಂತು, ತಪ್ಪಿತಸ್ಥರಿಗಾಗಿ ನಿರಪರಾಧಿಗಳನ್ನು, ಅದರಲ್ಲೂ ಹೆಂಗಸರು ಮಕ್ಕಳನ್ನು ಕೊಲ್ಲುವುದನ್ನು ಯಾವ ಧರ್ಮವೂ ಒಪ್ಪದು ಎಂದು ವಾದಿಸಿದರು. ಎರಡೂ ರಾಜ್ಯಗಳು ಮುಂದೆಯೂ ನೆರೆಹೊರೆಯಾಗಿ ಬಾಳಬೇಕಾದವು, ಇದಕ್ಕೊಂದು ಕರಾರು ಬೇಕು ಎಂದರು. ಸುಲ್ತಾನ ಆಣೆಯಿಟ್ಟು ಒಪ್ಪಿದ. ಗೆಲುವಿನ ನಂತರ ಕೊಲ್ಲಬಾರದೆಂಬ ಮಾತಿಗೆ ತನ್ನ ವಾರಸುದಾರರನ್ನೂ ಬದ್ಧಗೊಳಿಸಿದ. ಅಂದಿನಿಂದ ಸೆರೆಸಿಕ್ಕವರನ್ನೂ ನಿರಾಯುಧರನ್ನೂ ಉಳಿಸುವುದು ದಖ್ಖನ್ನಿನ ವಾಡಿಕೆಯಾಯಿತೆಂದು ಬರೆದು ಫಿರಿಶ್ತಾ ಮುಂದಿನ ಘಟನೆಗೆ ಹೋಗುತ್ತಾನೆ.